ಹೆಡ್ಡಿಂಗಿನಲ್ಲಿ ಹಿಡಿಸದ ‘ಬಹುದು’

ಅಭಿಮಾನಿ ಅಂದುಕೊಂಡೆ.

ದೀಪಾವಳಿ ಮುಗಿದ ವಾರ. ಮೂರನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನಲವತ್ತು ದಾಟಿದ ವಯಸ್ಸು. ಮಾಸಿದ ಇಳಕಲ್ ಸೀರೆ, ಧೂಳು ಹತ್ತಿದ ಪಾದ. (ನಾಲ್ಕು ಕುರ್ಚಿ ಖಾಲಿ ಇದ್ದವು. ಕೂಡ್ರಿ ಎಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.) ನನ್ನನ್ನು ಕಂಡು ಎದ್ದಳು. ಸೊಂಟದ ಎಲೆಯಡಿಕೆ ಚೀಲದಿಂದ ಮಡಚಿದ ಕಾಗದ ತೆಗೆದು, ನನ್ನ ಟೇಬಲ್ಲಿನ ಮೇಲೆ ಬಿಡಿಸಿ, ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು.

ನನ್ನದೇ ಅಂಕಣ. ಕೆಳಗೆ ನನ್ನದೇ ಹೆಸರು, ನನ್ನದೇ ಶಾಲೆ.

“ಇದು ನೀವ ಬರದಿದ್ದೇನ್ರಿ ಅಕ್ಕೋರ?”

ಹೌದು ಅಂದೆ. ನಕ್ಕೆ ಕೂಡ. ಐದು ವರ್ಷದಿಂದ ಪ್ರತಿ ವಾರ ಇಲ್ಲಿ ಬರೆಯುತ್ತಿದ್ದೇನೆ. ಬರೆದದ್ದನ್ನು ಕತ್ತರಿಸಿ, ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು, ದೇವದುರ್ಗದಿಂದ ಬಸ್ಸು ಹತ್ತಿ ಹುಡುಕಿಕೊಂಡು ಬಂದವರು ಬೇರೆ ಯಾರಿದ್ದಾರೆ? ಯಾರಿಗೆ ಖುಷಿಯಾಗುವುದಿಲ್ಲ ಹೇಳಿ?

ಆಮೇಲೆ ಅದೇ ಚೀಲದಿಂದ ಆಕೆ ಒಂದು ಖಾಲಿ ಬಾಟಲಿ ತೆಗೆದಳು. ಎಣ್ಣೆ ತುಂಬಿದ ಮೆತ್ತನೆಯ ಗುಳಿಗೆಗಳು ಬರುತ್ತವಲ್ಲ, ಆ ಬಾಟಲಿ. ವಿಟಮಿನ್ ಇ. ಅದನ್ನು ಕಾಗದದ ಪಕ್ಕ ಇಟ್ಟಳು. ಸೆರಗಿನ ಮೇಲಿಂದಲೇ ಎಡ ಎದೆಯ ಮೇಲೆ ಕೈ ಇಟ್ಟಳು.

“ನಾಕು ತಿಂಗಳು ನುಂಗೀನಿ. ಗಂಟು ಕರಗಿಲ್ಲ. ಬೆಳದದ.”

ನನ್ನ ಮುಖದ ಮೇಲೆ ಆ ನಗು ಇನ್ನೂ ಇತ್ತು. ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಈರಮ್ಮ ಆಕೆಯ ಹೆಸರು. ದೇವದುರ್ಗದ ಹಳೇ ಕೇರಿಯವಳು, ಕೂಲಿ ಮಾಡುವವಳು. ನಾಟಿಯ ಕಾಲದಲ್ಲಿ ಮಾನ್ವಿ ಕಡೆ ಕಾಲುವೆ ಕೆಳಗಿನ ಭತ್ತದ ಗದ್ದೆಗಳಿಗೆ ಹೋಗುತ್ತಾಳೆ. ಗಂಡ ಇಲ್ಲ. ಒಬ್ಬಳೇ ಮಗಳು, ರೇಣುಕಾ. ಮಾನ್ವಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು.

ಮುಂಗಾರಿನ ಹೊತ್ತಿಗೆ ಈರಮ್ಮನ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ನೋವಿಲ್ಲ, ಹಾಗಾಗಿ ಹೇಳಲೂ ಇಲ್ಲ. ಕೊನೆಗೆ ರೇಣುಕಾ ಒತ್ತಾಯ ಮಾಡಿ ರಾಯಚೂರಿನ ಲೇಡಿ ಡಾಕ್ಟರಿಗೆ ತೋರಿಸಿದಳು. ಅವರು ಮುಟ್ಟಿ ನೋಡಿ, ಮಾತು ನುಂಗದೆ ಹೇಳಿದರು: ಇದು ಒಳ್ಳೆಯ ಗಂಟಲ್ಲ, ಹೈದರಾಬಾದಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಆಪರೇಷನ್ ಆಗಬೇಕು. ಚೀಟಿ ಬರೆದು ಕೊಟ್ಟರು. ತಾಯಿ ಮಗಳು ಹೊರಡುವ ತಯಾರಿಯಲ್ಲಿದ್ದರು.

ಆಗ ರೇಣುಕಾಳ ಹಾಸ್ಟೆಲ್ಲಿಗೆ ಪೇಪರ್ ಬಂತು. ನಮ್ಮ ಪೇಪರ್. ಅದರಲ್ಲಿ ನಾನು.

‘ಕ್ಯಾನ್ಸರ್, ಮಲೇರಿಯಾಕ್ಕೆ ವಿಟಮಿನ್ ಇ ಮದ್ದು!’

ಓದಿದ ಹುಡುಗಿ ಆ ತುಂಡು ಕತ್ತರಿಸಿಕೊಂಡು ಅದೇ ದಿನ ಬಸ್ಸು ಹತ್ತಿ ಊರಿಗೆ ಬಂದಳು. ತಾಯಿಗೆ ಓದಿ ಹೇಳಿದಳು. ಕೊಯ್ಯುವುದು ಬೇಡ ಯವ್ವಾ, ಗುಳಿಗಿ ಅದ, ಅಚ್ಚಿನಾಗ ಬಂದದ ಅಂದಳು. ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನವನು ಪೇಪರ್ ನೋಡಿ, ಹೌದು, ಇದೇ ಗುಳಿಗೆ ಅಂದ. ಹೈದರಾಬಾದಿನ ಚೀಟಿ ಗೂಡಿನಲ್ಲೇ ಉಳಿಯಿತು.

ನಾಲ್ಕು ತಿಂಗಳ ಮೇಲೆ ಮತ್ತೆ ಅದೇ ಲೇಡಿ ಡಾಕ್ಟರ ಹತ್ತಿರ ಹೋದಾಗ ಅವರು ಸಿಟ್ಟಿಗೆದ್ದರು. ಯಾರು ಹೇಳಿದ್ದು ಎಂದು ಕೇಳಿದರು. ಈರಮ್ಮ ಕಾಗದ ತೋರಿಸಿದಳು. ಡಾಕ್ಟರು ಓದಿ, ಕೆಳಗಿದ್ದ ಶಾಲೆಯ ಹೆಸರಿನ ಮೇಲೆ ಬೆರಳಿಟ್ಟು, ಇದು ಇಲ್ಲೇ ಇದೆ, ಹೋಗಿ ಕೇಳು ಅಂದರು.

ಕೇಳಲು ಬಂದಿದ್ದಳು. ಬೈಯಲು ಅಲ್ಲ, ಅಳಲು ಅಲ್ಲ, ಕೇಳಲು.

ಈಗ ನನ್ನ ಕಥೆ ಹೇಳಬೇಕು. ಇಲ್ಲಿ ರಾಯಚೂರಿನ ಕಾಲೇಜಿನ ಲೈಬ್ರರಿಗೆ ಬರುವ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಸಣ್ಣ ಬರಹ ಓದಿದ್ದೆ. ವಿಟಮಿನ್ ಇ ಅಣುವನ್ನು ಸ್ವಲ್ಪ ಬದಲಿಸಿ, ಅದಕ್ಕೊಂದು ಹೊಸ ಬಾಲ ಜೋಡಿಸಿ, ಬೇರೆ ವಸ್ತುಗಳನ್ನು ತಯಾರಿಸುತ್ತಾರೆ. ಅಂಥ ವಸ್ತುವೊಂದು ಗಾಜಿನ ತಟ್ಟೆಯಲ್ಲಿಟ್ಟ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದಂತೆ ಕಂಡಿದೆ. ಮುಂದೆ ಇದರಿಂದ ಔಷಧ ಸಿಗಬಹುದೇ? ಮಲೇರಿಯಾದ ಮೇಲೂ ಇಂಥವು ಕೆಲಸ ಮಾಡಬಹುದೇ? ಇಷ್ಟೇ. ಎಲ್ಲ ಪ್ರಶ್ನೆಗಳೇ.

ನಾನು ಬರೆದದ್ದೂ ಹಾಗೆಯೇ. ‘ವಿಟಮಿನ್ ಇ ಯಿಂದ ಕ್ಯಾನ್ಸರ್, ಮಲೇರಿಯಾಕ್ಕೆ ಮುಂದೊಂದು ದಿನ ಔಷಧ ಸಿಗಬಹುದು’ ಎಂದು ತಲೆಬರಹ. ಕೊನೆಯ ಪ್ಯಾರಾದಲ್ಲಿ ಸ್ಪಷ್ಟವಾಗಿ ಬರೆದಿದ್ದೆ: ಇನ್ನೂ ಎಷ್ಟೋ ವರ್ಷಗಳ ಪರೀಕ್ಷೆ ಬಾಕಿ ಇದೆ, ಅಂಗಡಿಯಲ್ಲಿ ಸಿಗುವ ವಿಟಮಿನ್ ಗುಳಿಗೆ ಇದಲ್ಲ, ಯಾರೂ ಇದನ್ನು ನಂಬಿ ಚಿಕಿತ್ಸೆ ಬಿಡಬಾರದು.

ಚೆನ್ನಾಗಿತ್ತಲ್ಲವೇ? ಆದರೆ ನೀವು ಅದನ್ನು ಓದಲೇ ಇಲ್ಲ.

ನಮ್ಮ ಪ್ರೆಸ್ಸಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಾರೆ. ಜೋಡಿಸುವವರು ನರಸಪ್ಪ. ಕನ್ನಡಕ ಮೂಗಿನ ತುದಿಯಲ್ಲಿದ್ದರೂ ಒತ್ತು ತಪ್ಪದ ಮನುಷ್ಯ. ಪ್ರೂಫ್ ನೋಡಲು ಹೋದ ನನ್ನನ್ನು ಕರೆದು ಹೇಳಿದರು: ಹೆಡ್ಡಿಂಗ್ ದೊಡ್ಡಕ್ಷರದಲ್ಲಿ ಎರಡು ಕಾಲಮ್ಮಿಗೆ ಕೂಡುವುದಿಲ್ಲ, ಕಡಿಮೆ ಮಾಡಬೇಕು. ಸಂಪಾದಕರು ಒಳಗಿನಿಂದ ಬಂದು, ಸೀರೆ ಅಂಗಡಿಯ ಜಾಹೀರಾತು ಬಂದಿದೆ, ಕೊನೆಯ ಪ್ಯಾರಾ ತೆಗೆಯೋಣ ಅಂದರು. ಹೆಡ್ಡಿಂಗ್ ಕೂಡ ಅವರೇ ಚುಟುಕಾಗಿ ತಿದ್ದಿದರು. ‘ಸಿಗಬಹುದು’ ಹೋಯಿತು. ‘ಮುಂದೊಂದು ದಿನ’ ಹೋಯಿತು. ಒಂದು ಆಶ್ಚರ್ಯಸೂಚಕ ಚಿಹ್ನೆ ಬಂತು.

ನರಸಪ್ಪ ನನ್ನ ಮುಖ ನೋಡಿದರು. “ಕಡೀಲೇನ್ರಿ?”

ಕಡೀರಿ ಅಂದೆ.

ಸಂಪಾದಕರ ಮೇಲೆ ಹಾಕಬಹುದು. ಸೀರೆ ಅಂಗಡಿಯ ಮೇಲೆ ಹಾಕಬಹುದು. ಆದರೆ ಕಡೀರಿ ಅಂದವಳು ನಾನು. ನಿಜ ಹೇಳಲೇ? ಹೊಸ ಹೆಡ್ಡಿಂಗ್ ನನಗೂ ಇಷ್ಟವಾಗಿತ್ತು. ಜೋರಾಗಿತ್ತು.

ಈರಮ್ಮನಿಗೆ ಇಷ್ಟನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ನಾನು ಪರ್ಸಿಗೆ ಕೈ ಹಾಕಿದ್ದನ್ನು ನೋಡಿ, ಬೇಡ ಎಂದು ತಲೆಯಾಡಿಸಿದಳು. ಹೈದರಾಬಾದಿಗೆ ಹೋಗುವ ವ್ಯವಸ್ಥೆ ತನ್ನ ಅಣ್ಣ ಮಾಡಿದ್ದಾನೆ, ಅದಕ್ಕಾಗಿ ಬಂದದ್ದಲ್ಲ ಅಂದಳು. ಹಾಗಾದರೆ ಏತಕ್ಕೆ?

ರೇಣುಕಾ ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಾಳಂತೆ. ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿಟ್ಟಿದ್ದಾಳಂತೆ. ಓದಿ ಓದಿ ತಾಯಿಯನ್ನು ಕೊಂದಳು ಎಂದು ಕೇರಿಯಲ್ಲಿ ಯಾರೋ ಅಂದರಂತೆ. ಅವಳೂ ಅದನ್ನೇ ನಂಬಿದ್ದಾಳಂತೆ.

“ನನ್ನ ಗಂಟಿನ ಚಿಂತಿ ನನಗಿರ್ಲಿ. ನನ್ನ ಮಗಳು ತಪ್ಪು ಮಾಡಿಲ್ಲಂತ ನೀವು ಬಂದು ಹೇಳ್ರಿ. ಮತ್ತ ಪೇಪರ್‌ನಾಗೂ ಬರೀರಿ. ಅಷ್ಟ ದೊಡ್ಡಕ್ಷರದಾಗ ಬರೀರಿ.”

ಇಷ್ಟು ಹೇಳಿ, ಬಾಟಲಿ ನನ್ನ ಟೇಬಲ್ಲಿನ ಮೇಲೇ ಬಿಟ್ಟು, ಕಾಗದ ಮಾತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಸಂಜೆ ನೇರ ಪ್ರೆಸ್ಸಿಗೆ ಹೋದೆ. ನಮ್ಮ ಸಂಪಾದಕರು ಹಿರಿಯರು, ಕೆಟ್ಟವರಲ್ಲ. ವಿಷಯ ಕೇಳಿ ನೊಂದುಕೊಂಡರು. ಆದರೆ ತಿದ್ದುಪಡಿಯ ಮಾತು ಬಂದಾಗ ಕುರ್ಚಿಗೆ ಒರಗಿದರು. ನಾಲ್ಕನೇ ಪುಟದಲ್ಲಿ ಎರಡು ಸಾಲು ಹಾಕೋಣ ಅಂದರು. ಅದೇ ಜಾಗದಲ್ಲಿ, ಅದೇ ಅಕ್ಷರದಲ್ಲಿ ಬೇಕು ಅಂದೆ. ಆಗುವುದಿಲ್ಲ ಅಂದರು.

“ತಪ್ಪಾತು ಅಂತ ಅಷ್ಟು ದೊಡ್ಡದಾಗಿ ಅಚ್ಚು ಹಾಕಿದ್ರ, ನಾಳಿಂದ ಖರೇ ಬರದದ್ದೂ ಮಂದಿ ನಂಬಂಗಿಲ್ರಿ ಟೀಚರ್.”

“ನಂಬಿದ್ದಕ್ಕ ಆಕಿ ನಾಕು ತಿಂಗಳು ಕಳಕೊಂಡಾಳ್ರಿ” ಅಂದೆ.

ತಿದ್ದುಪಡಿ ಬರುವ ತನಕ ಅಂಕಣ ಕೊಡುವುದಿಲ್ಲ ಎಂದು ಹೇಳಿ ಎದ್ದೆ. ನಿಮ್ಮಿಷ್ಟ ಅಂದರು. ಈ ಜಾಗದಲ್ಲಿ ಇಷ್ಟು ವಾರ ನಾನು ಯಾಕೆ ಇರಲಿಲ್ಲ ಎಂದು ಕೆಲವರು ಕೇಳಿದ್ದಿರಿ. ಹುಷಾರಿಲ್ಲವೇ ಅಂದಿರಿ. ಹುಷಾರಾಗಿಯೇ ಇದ್ದೆ. ಜಗಳ ಮಾಡುತ್ತಿದ್ದೆ.

ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಕೈಯಲ್ಲಿ ಕ್ಲಾಸಿನ ಚಾರ್ಟ್ ಹಾಳೆ, ಸುರುಳಿ ಸುತ್ತಿ ದಾರ ಕಟ್ಟಿದ್ದೆ. ಹಿಂದಿನ ದಿನ ಕೂತು ಅದರ ಮೇಲೆ ಬ್ರಷ್ಷಿನಿಂದ ದಪ್ಪಗೆ ಬರೆದಿದ್ದೆ. ಕಲ್ಮಲ ದಾಟುವ ತನಕ ಧೈರ್ಯ ಇತ್ತು. ಗಬ್ಬೂರಿನ ಹೊತ್ತಿಗೆ ಅರ್ಧ ಆಯಿತು. ಬರುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದೆ; ದೇವದುರ್ಗದಲ್ಲಿ ಇಳಿದಾಗ ಈರಮ್ಮ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಮೊದಲು ಅಂಗಡಿ ನೋಡಿಬರೋಣ ಬರ್ರಿ ಅಂದಳು.

ಮೆಡಿಕಲ್ ಶಾಪಿನ ಗಾಜಿನ ಒಳಗಡೆ, ಕಣ್ಣಿನ ಎತ್ತರಕ್ಕೆ, ನನ್ನ ಅಂಕಣ ಅಂಟಿಸಿತ್ತು. ನನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಬಿಸಿಲಿಗೆ ಕಾಗದ ಹಳದಿಯಾಗಿತ್ತು.

ಅಂಗಡಿ ಮುಂದೆ ಖಾಕಿ ಅಂಗಿಯ ಒಬ್ಬರು ಸೈಕಲ್ ಹಿಡಿದು ನಿಂತಿದ್ದರು. ಹೆಗಲಲ್ಲಿ ಚೀಲ. ಮಲೇರಿಯಾ ಕೆಲಸಗಾರ ಮೌಲಾಸಾಬ್. ಮನೆ ಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಗುಳಿಗೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಬರುವವರು. ನಾನು ಯಾರೆಂದು ಈರಮ್ಮ ಹೇಳಿದಾಗ ಅವರು ನಮಸ್ಕಾರ ಮಾಡಲಿಲ್ಲ. ನೀವೇನ್ರಿ ಅವರು ಅಂದರು, ಅಷ್ಟೇ.

ಅವರಿಗೂ ಹೇಳುವುದಿತ್ತು. ಮಾನ್ವಿ ಕಡೆ ಗದ್ದೆಗೆ ಹೋಗಿ ಬಂದವರಿಗೆ ಪ್ರತಿ ವರ್ಷ ಚಳಿಜ್ವರ ಹತ್ತುತ್ತದೆ. ಈ ವರ್ಷವೂ ಹತ್ತಿತು. ಆದರೆ ಬಾಗಿಲು ತಟ್ಟಿದರೆ ಬೆರಳು ಕೊಡುವವರೇ ಇಲ್ಲ. ನಿನ್ನ ಕಹಿ ಗುಳಿಗಿ ನೀನೇ ನುಂಗು ಸಾಹೇಬಾ, ಪೇಪರ್‌ನಾಗ ಬಂದದ್ದು ತಗೊಂಡೀವಿ ಎನ್ನುತ್ತಾರೆ. ಒಬ್ಬ ಬಾಣಂತಿಗೆ ಜ್ವರ ತಲೆಗೇರಿ, ಎತ್ತಿಕೊಂಡು ರಾಯಚೂರಿಗೆ ಸಾಗಿಸಬೇಕಾಯಿತು. ಉಳಿದಳು. ಆಕೆಯ ತಲೆದಿಂಬಿನ ಕೆಳಗೆ ಸಿಕ್ಕಿದ್ದು ಇದೇ ಎಣ್ಣೆ ಗುಳಿಗೆ.

ನನಗೆ ಇದು ಗೊತ್ತೇ ಇರಲಿಲ್ಲ. ಒಬ್ಬಳ ಲೆಕ್ಕ ಒಪ್ಪಿಸಲು ಬಂದಿದ್ದೆ. ಇನ್ನೆಷ್ಟು ಜನ ಇದ್ದಾರೋ?

ಒಳಗೆ ಹೋಗಿ ಅಂಗಡಿಯವನಿಗೆ ನನ್ನ ಹೆಸರು ಹೇಳಿದೆ. ಅವನು ಎದ್ದು ನಿಂತು ಸ್ಟೂಲ್ ಕೊಟ್ಟ. (ಆ ಊರಿನಲ್ಲಿ ನನ್ನ ನಿಜವಾದ ಅಭಿಮಾನಿ ಅವನೊಬ್ಬನೇ.) ಹೆಡ್ಡಿಂಗ್ ತಪ್ಪು, ಆ ಕಾಗದ ತೆಗೀರಿ ಅಂದೆ. ಅವನ ಮುಖ ಬದಲಾಯಿತು. ನಾನು ವಿವರಿಸಿದೆ. ಬೆಲ್ಲದಿಂದ ಹೋಳಿಗೆಯೂ ಆಗುತ್ತದೆ, ಸಾರಾಯಿಯೂ ಆಗುತ್ತದೆ. ಸಾರಾಯಿ ಕೇಳಿದವನ ಕೈಗೆ ಬೆಲ್ಲದ ಹೆಂಟೆ ಕೊಟ್ಟರೆ ನಶೆ ಏರುತ್ತದೆಯೇ? ಹಾಗೆಯೇ, ವಿಟಮಿನ್ ಇ ಯಿಂದ ಪ್ರಯೋಗಶಾಲೆಯಲ್ಲಿ ಮಾಡಿದ ವಸ್ತು ಬೇರೆ, ನಿಮ್ಮ ಬಾಟಲಿಯಲ್ಲಿರುವುದು ಬೇರೆ. ಆ ವಸ್ತು ಕೂಡ ಇನ್ನೂ ಔಷಧವಾಗಿಲ್ಲ.

ಅವನು ಎಲ್ಲ ಕೇಳಿ ಒಂದೇ ಮಾತು ಅಂದ.

“ನಾ ಏನ್ ಸುಳ್ಳು ಹೇಳೀನ್ರಿ? ನೀವು ಬರದೀರಿ. ನಾ ಅಂಟಿಸೀನಿ.”

ಇದಕ್ಕೆ ಉತ್ತರ ಇದ್ದರೆ ನನಗೂ ತಿಳಿಸಿ. ನಾನು ಹೊರಗೆ ಬಂದು ಚಾರ್ಟ್ ಹಾಳೆಯ ದಾರ ಬಿಚ್ಚಿದೆ. ಅದರಲ್ಲಿ ಹೀಗಿತ್ತು: ‘ಪೇಪರಿನಲ್ಲಿ ವಿಟಮಿನ್ ಇ ಲೇಖನ ಬರೆದವಳು ನಾನೇ. ಅದರ ಹೆಡ್ಡಿಂಗ್ ತಪ್ಪು. ಈ ಗುಳಿಗೆಯಿಂದ ಗಂಟು ಕರಗುವುದಿಲ್ಲ. ಚಳಿಜ್ವರ ಹೋಗುವುದಿಲ್ಲ. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಗಂಟು ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.’ ಕೆಳಗೆ ಪೂರ್ತಿ ಹೆಸರು, ಸಹಿ.

ಗಾಜಿಗೆ ಹಚ್ಚಲು ಅವನು ಬಿಡಲಿಲ್ಲ. ನನ್ನ ಅಂಗಡಿ ಅಂದ. ನ್ಯಾಯವೇ. ನಾನು ಹಾಳೆ ಹಿಡಿದು ರಸ್ತೆಯಲ್ಲಿ ನಿಂತೆ. ಜನ ಸೇರತೊಡಗಿದರು. ಟೀಚರಾಗಿ ಇಪ್ಪತ್ತು ವರ್ಷ ಹುಡುಗಿಯರ ಮುಂದೆ ನಿಂತವಳು ಆವತ್ತು ಮುಖ ಮರೆಯಾಗುವಷ್ಟು ಮೇಲಕ್ಕೆ ಹಾಳೆ ಎತ್ತಿ ಹಿಡಿದೆ.

ಆಗ ಈರಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಹಾಳೆಯನ್ನು ಎದೆಗೆ ಹಿಡಿದುಕೊಂಡಳು. ಅಂಗಡಿಯವನು ಏಳು ಅಂದ. ಆಕೆ ಏಳಲಿಲ್ಲ.

“ಅಂಗಡಿ ನಿಂದು. ಕಟ್ಟಿ ಸರ್ಕಾರದ್ದು. ನಾ ಇಲ್ಲೇ ಕೂಡ್ತೀನಿ. ಗಂಟು ಎಷ್ಟು ಬೆಳದದಂತ ಕೇಳಿದವರಿಗೆಲ್ಲ ಹೇಳ್ತೀನಿ.”

ಹೇಳಿದಳು ಕೂಡ. ಬಸ್ ಸ್ಟ್ಯಾಂಡಿನ ಎದುರು, ಹಾಡಹಗಲು, ಗಂಡಸರು ಹೆಂಗಸರು ಎನ್ನದೆ. ಎದೆಯ ಗಂಟು ಎಂದರೆ ಗಂಡನಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಕೊಳ್ಳುವ ಊರುಗಳು ನಮ್ಮವು. ಈಕೆ ಎಲ್ಲಿದೆ, ಯಾವಾಗ ಬಂತು, ಎಷ್ಟಿದ್ದದ್ದು ಎಷ್ಟಾಯಿತು ಎಂದು ಜೋಳದ ಧಾರಣೆ ಹೇಳಿದಷ್ಟು ಸರಾಗವಾಗಿ ಹೇಳಿದಳು. ಮೌಲಾಸಾಬ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಓದಲು ಬಾರದವರಿಗೆ ಹಾಳೆ ಓದಿ ಹೇಳಿದರು. ಬುರ್ಖಾ ಹಾಕಿದ ಇಬ್ಬರು ಹೆಂಗಸರು ನಿಂತಾಗ ಅದನ್ನೇ ತಮ್ಮ ಮನೆಮಾತಿನಲ್ಲಿ ಹೇಳಿದರು. ಒಬ್ಬಾಕೆ ಈರಮ್ಮನ ಪಕ್ಕ ಕೂತು ಅದೇನೋ ಕಿವಿಯಲ್ಲಿ ಕೇಳಿದಳು.

ಒಂದು ತಾಸು ಕಳೆಯಿತು. ಅಂಗಡಿಗೆ ಒಬ್ಬರೂ ಹತ್ತಲಿಲ್ಲ. ಕೊನೆಗೆ ಅವನೇ ಬ್ಲೇಡು ತಂದು, ಗಾಜಿನಿಂದ ನನ್ನ ಅಂಕಣವನ್ನು ಕೆರೆದು ತೆಗೆದ. ಹೆಸರಿನ ಕೆಳಗಿನ ಕೆಂಪು ಗೆರೆ ಕೊನೆಗೆ ಹೋಯಿತು. ಬರೆದದ್ದನ್ನು ಯಾರಾದರೂ ಕೆರೆದು ಹಾಕಿದ್ದಕ್ಕೆ ನನಗೆ ಸಂತೋಷವಾದದ್ದು ಅದೇ ಮೊದಲು.

ಅಲ್ಲಿಂದ ಮನೆಗೆ ನಡೆದೆವು. ರೇಣುಕಾ ಬಾಗಿಲ ಬಳಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು. ಎದುರಿಗೆ ಕೂತಳು. ತೆಳ್ಳಗಿನ ಹುಡುಗಿ, ಕಣ್ಣು ಮಾತ್ರ ತಾಯಿಯವು.

ತಪ್ಪು ನಿನ್ನದಲ್ಲ, ನನ್ನದು ಎಂದು ಹೇಳಿದೆ. ಹೆಡ್ಡಿಂಗಿನ ಕಥೆ ಹೇಳಿದೆ. ಕತ್ತರಿಸಿದ ಕೊನೆಯ ಪ್ಯಾರಾದಲ್ಲಿ ಏನಿತ್ತು ಎಂದು ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಅವಳು ಮೊರದ ಮೇಲಿನ ಕೈ ನಿಲ್ಲಿಸಿ ಕೇಳುತ್ತಿದ್ದಳು.

“ಯಾಕ ತೆಗದ್ರಿ ಅದನ್ನ?”

“ಜಾಗ ಇರಲಿಲ್ಲ” ಅಂದೆ.

ಅವಳು ಮೊರ ಪಕ್ಕಕ್ಕಿಟ್ಟಳು. ಆಮೇಲೆ ದನಿ ಏರಿಸದೆ ಹೇಳಿದಳು.

“ನಿಮಗ ಜಾಗ ಇರಲಿಲ್ಲ. ನಮ್ಮವ್ವಗ ಟೈಮ್ ಇರಲಿಲ್ಲ.”

ಓದುಗರೇ, ನನಗೆ ಬಹುಮಾನಗಳು ಬಂದಿವೆ, ಬೈಗುಳದ ಪತ್ರಗಳೂ ಬಂದಿವೆ. ಐದು ವರ್ಷದ ನನ್ನ ಬರವಣಿಗೆಗೆ ಇದಕ್ಕಿಂತ ಸರಿಯಾದ ವಿಮರ್ಶೆ ಯಾರೂ ಮಾಡಿಲ್ಲ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಪೇಪರಿನಲ್ಲಿ ಯಾವಾಗ ಹಾಕುತ್ತೀರಿ ಎಂದು ಕೇಳಿದಳು. ಸಂಪಾದಕರು ಒಪ್ಪಿಲ್ಲ ಅಂದೆ. ಅವರ ವಿಳಾಸ ಹೇಳ್ರಿ ಅಂದಳು. ಎದ್ದು ಹೋಗಿ, ಮೇಲಿನ ಗಂಟು ಇಳಿಸಿ, ಬಿಚ್ಚಿ, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದಳು. ಈರಮ್ಮ ನನ್ನ ಕಡೆ ನೋಡಿದಳು. ಆಕೆಯ ಮುಖದಲ್ಲಿ ನಗು ಕಂಡದ್ದು ಆವಾಗಲೇ. ಪುಸ್ತಕದ ಗಂಟು ಇಳಿದಿತ್ತಲ್ಲ.

ಮುಂದಿನ ವಾರ ಶಾಲೆಗೆ ರಜೆ ಹಾಕಿ ತಾಯಿ ಮಗಳ ಜೊತೆ ಹೈದರಾಬಾದಿಗೆ ಹೋದೆ. ನನ್ನಿಂದ ಆದ ದೊಡ್ಡ ಉಪಕಾರವೇನೂ ಇಲ್ಲ. ಇಂಗ್ಲಿಷ್ ಫಾರ್ಮುಗಳನ್ನು ತುಂಬಿದೆ. ಸಾಲಿನಲ್ಲಿ ನಿಂತೆ. ಡಾಕ್ಟರ ಜೊತೆ ಮಾತಾಡಿದ್ದು ಈರಮ್ಮನೇ, ತನಗೆ ಬರುವ ಗದ್ದೆ ಕೆಲಸದ ತೆಲುಗಿನಲ್ಲಿ. ಪೂರ್ತಿ ವಾಸಿಯಾಗುತ್ತದೆಯೇ ಎಂದು ನೇರ ಕೇಳಿದಳು. ಡಾಕ್ಟರು ಕನ್ನಡಕ ತೆಗೆದು, ಆಗಬಹುದು, ಆಗದೆಯೂ ಇರಬಹುದು ಅಂದರು. ಮೊದಲೇ ಬಂದಿದ್ದರೆ ಹೆಚ್ಚು ಭರವಸೆ ಕೊಡುತ್ತಿದ್ದೆ ಎಂದೂ ಅಂದರು. ನಾನು ನೆಲ ನೋಡಿದೆ.

ಹೊರಗೆ ಬೆಂಚಿನ ಮೇಲೆ ಕೂತು ಈರಮ್ಮ ಅಂದಳು: “ಮಾರಿ ನೋಡಿ ಹೇಳಿದ್ರು. ಹಂಗ ಹೇಳಿದ್ರ ನನಗೂ ತಿಳೀತದ. ಕೊಯ್ಯಲಿ ನಡೀರಿ.”

ಕೊಯ್ದರು. ಒಂದು ಎದೆ ಹೋಯಿತು. ಎಡಗೈ ಮೇಲೆತ್ತಲು ಇನ್ನೂ ಕಷ್ಟ. ಈಗ ಕರೆಂಟ್ (ರೇಡಿಯೇಷನ್ನಿಗೆ ಆಕೆಯ ಮಾತು) ಕೊಡಿಸಲು ಹೋಗಿ ಬರುತ್ತಿದ್ದಾಳೆ. ರೇಣುಕಾ ಮಾನ್ವಿಗೆ ಮರಳಿದ್ದಾಳೆ. ತಪ್ಪಿದ ಪಾಠಗಳನ್ನು ಬರೆದುಕೊಳ್ಳುತ್ತಿದ್ದಾಳೆ. ಮುಂದೇನಾಗುತ್ತದೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವ ಅಭ್ಯಾಸ ಬಿಟ್ಟಿದ್ದೇನೆ.

ಇತ್ತ, ಹೋದ ವಾರ ಸಂಪಾದಕರು ನರಸಪ್ಪನವರ ಕೈಯಲ್ಲಿ ಹೇಳಿ ಕಳಿಸಿದರು. ಹೋದೆ. ಟೇಬಲ್ಲಿನ ಮೇಲೆ ರೇಣುಕಾಳ ಪತ್ರ ಇತ್ತು. ಎಷ್ಟು ಸಲ ಓದಿದ್ದರೋ, ಮಡಿಕೆಯಲ್ಲಿ ಹರಿಯುವಂತಾಗಿತ್ತು. ನನ್ನ ಕಡೆ ಸರಿಸಿದರು. ಅದರಲ್ಲಿ ಹೀಗಿತ್ತು: ‘ನಿಮ್ಮ ಪತ್ರಿಕೆ ನಂಬಿ ನಾನು ನಮ್ಮವ್ವನಿಗೆ ಓದಿ ಹೇಳಿದೆ. ಈಗ ನಾನು ಬರೆದದ್ದನ್ನು ನೀವು ಓದಿರಿ. ತಪ್ಪಾಗಿದೆ ಎಂದು ಅಚ್ಚು ಹಾಕಿದರೆ ಮತ್ತೆ ನಿಮ್ಮ ಪತ್ರಿಕೆ ಓದುತ್ತೇನೆ. ಹಾಕದಿದ್ದರೆ ಹಾಸ್ಟೆಲ್ಲಿನಲ್ಲಿ ಯಾರೂ ಓದದಂತೆ ಮಾಡುತ್ತೇನೆ.’

ಆ ಹುಡುಗಿಗೆ ಕೊಡುವ ಉತ್ತರ ತಮ್ಮ ಹತ್ತಿರ ಇಲ್ಲ ಅಂದರು. ನೀವೇ ಬರೆಯಿರಿ, ಎಷ್ಟು ಜಾಗ ಬೇಕು ಎಂದು ಕೇಳಿದರು. ಪೂರ್ತಿ ಬೇಕು ಅಂದೆ. ಜಾಹೀರಾತು? ಅದನ್ನು ನಾಲ್ಕನೇ ಪುಟಕ್ಕೆ ಹಾಕಿದ್ದಾರೆ. (ಸೀರೆ ಅಂಗಡಿಯವರು ಕ್ಷಮಿಸಬೇಕು.)

ಆದ್ದರಿಂದ ಇಲ್ಲಿ, ಅದೇ ಜಾಗದಲ್ಲಿ: ನಾನು ಒಪ್ಪಿ ಹಾಕಿಸಿದ ಹೆಡ್ಡಿಂಗ್ ತಪ್ಪು. ಅಂಗಡಿಯ ವಿಟಮಿನ್ ಇ ಗುಳಿಗೆ ಕ್ಯಾನ್ಸರಿಗೆ ಮದ್ದಲ್ಲ. ಮಲೇರಿಯಾಕ್ಕೆ ಮದ್ದಲ್ಲ. ಯಾರ ಮನೆಯಲ್ಲಾದರೂ ಆ ಕಾಗದ ಇದ್ದರೆ ಒಲೆಗೆ ಹಾಕಿ.

ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದರು. ಇಂಥ ಸಂಶೋಧನೆಯ ವಿಷಯ ಹಳ್ಳಿ ಮಂದಿಗೆ ಯಾಕ ಬರೀತೀರಿ, ಅವರಿಗೆ ‘ಬಹುದು’ ತಿಳಿಯೋದಿಲ್ಲ, ಹೋಳಿಗೆ ಮಾಡೋದು ಬರೀರಿ ಅಂದರು.

ಬರೆಯುವುದಿಲ್ಲ. ಮಳೆ ಬರಬಹುದು ಎಂದು ಬಿತ್ತುವವರಿಗೆ ‘ಬಹುದು’ ತಿಳಿಯುವುದಿಲ್ಲವೇ? ಎಮ್ಮೆ ಈಯಬಹುದು ಎಂದು ಹಗ್ಗ ಹಿಡಿದು ಕೂತವರಿಗೆ ತಿಳಿಯುವುದಿಲ್ಲವೇ? ತಪ್ಪು ಅವರಿಗೆ ತಿಳಿಯದ್ದಲ್ಲ, ನಾವು ಹೇಳದ್ದು. ಕಡಿದವರು ನಾವು; ದಡ್ಡರು ಅವರೇ?

ಆ ವಸ್ತುಗಳ ಮೇಲೆ ಕೆಲಸ ಮಾಡುವವರು ಮಾಡುತ್ತಿರಲಿ. ಗಾಜಿನ ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ, ದಾರಿ ಉದ್ದವಿದೆ. ಬಹಳಷ್ಟು ನಡುವೆಯೇ ಬಿದ್ದುಹೋಗುತ್ತವೆ. ಒಂದಾದರೂ ದಾಟಿ ಬಂದ ದಿನ ನಾನೇ ಬರೆಯುತ್ತೇನೆ. ಅಲ್ಲಿಯ ತನಕ ಅದು ಎಲ್ಲಿದೆ, ಎಷ್ಟು ದೂರ ಬಂದಿದೆ ಎಂಬುದನ್ನೂ ಬರೆಯುತ್ತೇನೆ. ಕೊನೆಯ ಪ್ಯಾರಾ ಸಮೇತ.

ಸಂಕ್ರಾಂತಿಯ ಮರುದಿನ ಈರಮ್ಮ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಜೊತೆಯಲ್ಲಿ ಇನ್ನಿಬ್ಬರು ಹೆಂಗಸರು. ಒಬ್ಬಾಕೆ ಅವತ್ತು ಕಟ್ಟೆಯ ಮೇಲೆ ಕಿವಿಯಲ್ಲಿ ಮಾತಾಡಿದ ಬುರ್ಖಾದಾಕೆ. ಇಬ್ಬರಿಗೂ ಎದೆಯಲ್ಲಿ ಗಂಟು. ಇಬ್ಬರನ್ನೂ ಈರಮ್ಮ ತಾನೇ ಲೇಡಿ ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿ, ಕರೆದುಕೊಂಡು ಹೊರಟಿದ್ದಳು. ಕೇರಿಯಲ್ಲಿ, ಗದ್ದೆಯಲ್ಲಿ, ಬಾವಿಕಟ್ಟೆಯಲ್ಲಿ ಎಲ್ಲರನ್ನೂ ಕೇಳುತ್ತಾಳಂತೆ. ನಾಚುವವರನ್ನು ಬೈಯುತ್ತಾಳಂತೆ.

ಚಹಾ ಕುಡಿದು, ಆಗದ ಎಡಗೈಯನ್ನು ಬಲಗೈಯಿಂದ ಎತ್ತಿ ಸೆರಗು ಸರಿಮಾಡಿಕೊಂಡು, ರೈಲಿಗೆ ಹೊತ್ತಾಯಿತು ಎಂದು ಎದ್ದಳು. ಬಾಗಿಲಲ್ಲಿ ನಿಂತು, ಇದನ್ನೂ ಬರೀರಿ ಅಕ್ಕೋರ ಎಂದು ಒಂದು ಪ್ರಶ್ನೆ ಹೇಳಿದಳು. ಒಂದಕ್ಷರವನ್ನೂ ಕಡಿಯದೆ ಹಾಕಿದ್ದೇನೆ:

“ಇಷ್ಟು ಮಂದಿ ಹೆಣ್ಮಕ್ಕಳು ಅಷ್ಟು ದೂರ ಹೋಗಾಕತ್ತೀವಿ. ಒಬ್ಬ ಡಾಕ್ಟ್ರಿಗೆ ತಿಂಗಳಿಗೊಮ್ಮಿ ದೇವದುರ್ಗಕ್ಕ ಬರಾಕ ಏನ್ ಧಾಡಿ ಅದ್ರಿ?”